ಎಆರ್9271 ವೈಫೈ ಡಾಂಗಲ್: ಡೆಬಿಯನ್ ಬಳಕೆದಾರನೊಬ್ಬನ ದೀರ್ಘಕಾಲದ ಅನುಭವ

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ ಕೊಂಡ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ ನಾನು ಡೆಬಿಯನ್ 12 (ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆ) ಬಳಸುತ್ತಿದ್ದೇನೆ. ಕೀಬೋರ್ಡು, ಪರದೆಗಳ ಬಗ್ಗೆ ದೂರಿಲ್ಲ. ತಕರಾರೆಲ್ಲ ಒಳಗಿನ ವೈಫೈ ಕಾರ್ಡಿನದು.

2023ರ ಜೂನ್‌ನಲ್ಲಿ ಬಂದ ಈ ಆವೃತ್ತಿಯ ಇನ್‌ಸ್ಟಾಲರ್‌ನಲ್ಲಿ ಮುಕ್ತವಲ್ಲದ ಫರ್ಮ್‌ವೇರ್ (ಕಾರ್ಡಿನೊಳಗೇ ಓಡುವ ತಂತ್ರಾಂಶ) ಕೂಡ ಸೇರಿರುವುದರಿಂದ ಅನೇಕ ಕಾರ್ಡುಗಳು ಮೊದಲ ದಿನವೇ ಕೆಲಸ ಶುರುಮಾಡುತ್ತವೆ. ನನ್ನ ಕಾರ್ಡಿನ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಲಿನಕ್ಸ್‌ನ ತಿರುಳಾದ ಕರ್ನಲ್‌ನ ಹೊರಗಿನದಾದ್ದರಿಂದ ಆ ಭಾಗ್ಯ ನನಗಿರಲಿಲ್ಲ. ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಎಂಬ, ಒಳಗಿನ ಕಾರ್ಡುಗಳನ್ನು ಪಟ್ಟಿಮಾಡುವ ಆದೇಶ ಕೊಟ್ಟರೆ ಕಾರ್ಡಿನ ಹೆಸರು ಕಾಣುತ್ತಿತ್ತು, ಬಳಕೆಯಲ್ಲಿರುವ ಡ್ರೈವರ್ ಯಾವುದೆಂದು ತಿಳಿಸುವ ಸಾಲು ಮಾತ್ರ ಇರುತ್ತಿರಲಿಲ್ಲ. ಇಂಥ ಡ್ರೈವರನ್ನು ಪ್ರತಿ ಹೊಸ ಕರ್ನಲ್‌ಗೂ ಡಿಕೆಎಂಎಸ್ ಎಂಬ ಸಾಧನ ಮತ್ತೆ ಕಂಪೈಲ್ ಮಾಡಬೇಕು (ಮೂಲ ಸಂಕೇತದಿಂದ ಕಟ್ಟಬೇಕು), ಅದಕ್ಕೆ ಆ ಕರ್ನಲ್‌ನದೇ ಹೆಡರ್‌ಗಳು (ಕಂಪೈಲ್‌ಗೆ ಬೇಕಾದ ಕಡತಗಳು) ಬೇಕು, ಸೆಕ್ಯೂರ್ ಬೂಟ್ (ಸಹಿಯಿರುವ ತಂತ್ರಾಂಶವನ್ನಷ್ಟೇ ಓಡಲು ಬಿಡುವ ರಕ್ಷಣೆ) ಚಾಲೂ ಇದ್ದರೆ ನಂಬಿಕೆಯ ಸಹಿ ಇಲ್ಲದ ಮಾಡ್ಯೂಲನ್ನು (ಹೀಗೆ ಕಟ್ಟಿದ ಡ್ರೈವರನ್ನು) ಕರ್ನಲ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೀಗಾಗಿ ಕರ್ನಲ್ ಅಪ್‌ಡೇಟ್ ಆದ ಮೇಲೆ ಫೋನನ್ನು ಯುಎಸ್‌ಬಿ ತಂತಿಯಲ್ಲಿ ಜೋಡಿಸಿ, ಅದರ ಡೇಟಾದಲ್ಲಿಯೇ ಹೆಡರ್‌ಗಳನ್ನು ಇಳಿಸಿಕೊಂಡು, ರೀಬೂಟ್ ಮಾಡಿ ಕಾಯುವುದೇ ಬೆಳಗಿನ ಕೆಲಸವಾಗಿತ್ತು. ಕರ್ನಲ್‌ನ ಜೊತೆಗೇ ಹೆಡರ್‌ಗಳನ್ನೂ ತರುವ ‘ಲಿನಕ್ಸ್-ಹೆಡರ್ಸ್-ಎಎಂಡಿ64’ ಪ್ಯಾಕೇಜ್ ಹಾಕಿದ ಮೇಲೆ ಕಾಟ ತಗ್ಗಿತು, ನಿಜ. ಆದರೆ ಲ್ಯಾಪ್‌ಟಾಪ್ ಮಲಗಿ ಎದ್ದಾಗ ಕಾರ್ಡು ಏಳದಿರುವುದು ಮಾತ್ರ ನಿಲ್ಲಲಿಲ್ಲ.

ಆ ಬೇಸರದಲ್ಲಿ ಎಆರ್9271 ಚಿಪ್ ಇರುವ, ಯುಎಸ್‌ಬಿಗೆ ಚುಚ್ಚುವ ಚಿಕ್ಕ ವೈಫೈ ಡಾಂಗಲ್ ತರಿಸಿದೆ. ಇದರ ಡ್ರೈವರ್ ‘ಎಟಿಎಚ್9ಕೆ_ಎಚ್‌ಟಿಸಿ’ 2010ರ 2.6.35 ಆವೃತ್ತಿಯಿಂದಲೂ ಕರ್ನಲ್‌ನಲ್ಲಿಯೇ ಇದೆ. ಅದರ ಫರ್ಮ್‌ವೇರ್‌ನ ಮೂಲ ಸಂಕೇತವೂ 2013ರಲ್ಲಿ ಮುಕ್ತವಾಯಿತು. ಚುಚ್ಚಿದ ಕ್ಷಣಾರ್ಧದಲ್ಲಿ ದೀಪ ಮಿನುಗುತ್ತದೆ, ‘ಡಿಮೆಸೆಜ್‌’ನಲ್ಲಿ (ಕರ್ನಲ್ ಸಂದೇಶಗಳ ದಾಖಲೆಯಲ್ಲಿ) ಫರ್ಮ್‌ವೇರ್ ವರ್ಗಾವಣೆಯಾದ ಸಾಲು ಬೀಳುತ್ತದೆ, ರೂಟರ್ ಪಟ್ಟಿ ತೆರೆಯುತ್ತದೆ. ನಮ್ಮಲ್ಲಿ ಬೇಸಿಗೆಯಲ್ಲಿ ಕರೆಂಟ್ ಹೋಗಿಬಂದು ರೂಟರ್ ಮತ್ತೆ ಏಳುವುದು ದಿನದ ಮಾತು. ಕೈ ಹಾಕದೆ ತಾನಾಗಿ ಮರುಸಂಪರ್ಕ ಮಾಡಿಕೊಳ್ಳುವ ಇದರ ಗುಣ ನನಗೆ ಬಹಳ ಇಷ್ಟವಾಗಿದೆ. ಈಗ ಕರ್ನಲ್ ಅಪ್‌ಡೇಟನ್ನು ರಾತ್ರಿ ಊಟಕ್ಕೆ ಏಳುವ ಮುನ್ನ ಹಚ್ಚಿ ಹೋಗುತ್ತೇನೆ, ಅಂಜಿಕೆಯಿಲ್ಲ.

ಕೊರತೆಗಳೂ ಇವೆ. ಇದು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಓಡುತ್ತದೆ. ಕಾಗದದ ಮೇಲಿನ ವೇಗ ಸೆಕೆಂಡಿಗೆ 150 ಮೆಗಾಬಿಟ್, ಕೈಗೆ ಸಿಗುವುದು ಅದಕ್ಕಿಂತ ಬಹಳ ಕಡಿಮೆ. ಅಕ್ಕಪಕ್ಕದ ಮನೆಗಳ ರೂಟರುಗಳೆಲ್ಲ ಅದೇ ಚಾನೆಲ್‌ಗಳಲ್ಲಿ ಇರುವ ಸಂಜೆ ವಿಡಿಯೊ ಕರೆ ತಡವರಿಸುತ್ತದೆ. ದೊಡ್ಡ ಕಡತ ಇಳಿಸುವವರಿಗೆ ಇದು ಸಾಲದು. ಬರವಣಿಗೆ, ಮೇಲ್, ಬ್ಯಾಂಕ್ ಕೆಲಸ ಮಾಡುವ ನನ್ನ ಬಜೆಟ್‌ಗೆ ಸಾಕು.

ಕೊಳ್ಳುವಾಗ ಡಬ್ಬಿಯ ಮೇಲಿನ ಹೆಸರನ್ನು ನಂಬಬೇಡಿ. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ಮಾದರಿಯ ಮೊದಲ ಆವೃತ್ತಿಯಲ್ಲಿ ಮಾತ್ರ ಈ ಚಿಪ್ ಇದೆ. ಎರಡನೆಯದರಿಂದ ಚಿಪ್ ಬೇರೆ. ‘ಎಲ್‌ಎಸ್‌ಯುಎಸ್‌ಬಿ’ಯಲ್ಲಿ (ಯುಎಸ್‌ಬಿ ಸಾಧನಗಳನ್ನು ಪಟ್ಟಿಮಾಡುವ ಆದೇಶ) 0ಸಿಎಫ್3:9271 ಎಂಬ ಗುರುತು ಕಂಡ ಮೇಲೆಯೇ ಹಣ ಕೊಡಿ.