ಮಂಡಕ್ಕಿ ಭಟ್ಟಿ: ಹುರಿದಿಟ್ಟು ಮಾರುವುದೋ, ಕೇಳಿದ ಮೇಲೆ ಹುರಿಯುವುದೋ?

ದಾವಣಗೆರೆಯ ಮಂಡಕ್ಕಿ ಹುರಿಯುವ ಭಟ್ಟಿಗೆ ಬೇಡಿಕೆ ಒಂದೇ ಸಮ ಬರುವುದಿಲ್ಲ. ಸಂತೆಯ ಹಿಂದಿನ ದಿನ ಒಮ್ಮೆಗೇ ಏರುತ್ತದೆ, ನಾಯಕನಹಟ್ಟಿ ಜಾತ್ರೆ ಹತ್ತಿರ ಬಂದರೆ ಇನ್ನೂ ಏರುತ್ತದೆ, ಮಳೆ ಹಿಡಿದರೆ ಇಳಿಯುತ್ತದೆ. ಇದನ್ನು ಸಂಭಾಳಿಸಲು ಮೂರು ರೀತಿ ನಡೆಸಿ ನೋಡಿದ್ದೇವೆ.

ಮೊದಲನೆಯದು ಮಂಡಕ್ಕಿಯನ್ನೇ ಹುರಿದು ಚೀಲ ತುಂಬಿಡುವುದು. ಗಿರಾಕಿ ಬಂದ ಕೂಡಲೇ ಮಾಲು ಕೊಡಬಹುದು. ಆದರೆ ಅಕ್ಕಿ ಅರಳಿ ಹಲವು ಪಟ್ಟು ಹಿಗ್ಗುವುದರಿಂದ ಶೆಡ್ ಬೇಗ ತುಂಬುತ್ತದೆ. ತೇವದ ಗಾಳಿ ತಾಗಿದರೆ ಮೆತ್ತಗಾಗುತ್ತದೆ. ಮತ್ತೆ ಬಿಸಿ ಮಾಡಿದರೆ ಗರಿಗರಿಯಾಗುತ್ತದೆ ನಿಜ, ಆದರೆ ಉರುವಲು ಎರಡನೇ ಸಲ ಖರ್ಚಾಗಿ, ಪುಡಿಯೂ ಹೆಚ್ಚುತ್ತದೆ.

ಎರಡನೆಯದು ಆರ್ಡರ್ ಬಂದ ಮೇಲೆ ಭತ್ತ ನೆನೆಸುವುದು. ನೆನೆಸಿ, ಬೇಯಿಸಿ, ಒಣಗಿಸಿ, ಮಿಲ್ಲಿಗೆ ಹಾಕಿಸಿ, ಹುರಿಯುವಷ್ಟರಲ್ಲಿ ಬಿಸಿಲಿದ್ದರೂ ನಾಲ್ಕು ದಿನ ಬೇಕು, ಮೋಡವಿದ್ದರೆ ಆರು. ಅಷ್ಟು ದಿನ ಯಾವ ಅಂಗಡಿಯವರೂ ಕಾಯುವುದಿಲ್ಲ.

ನಮಗೆ ಒಗ್ಗಿದ್ದು ಮೂರನೆಯದು: ಅಕ್ಕಿಯ ಹಂತದಲ್ಲಿ ನಿಲ್ಲಿಸಿ, ಕೇಳಿದಷ್ಟನ್ನೇ ಹುರಿಯುವುದು. ಇದರ ಗುಟ್ಟು ಹುರಿಯುವ ಮೊದಲು ಅಕ್ಕಿಗೆ ಹಿಡಿಸುವ ಉಪ್ಪಿನಲ್ಲಿದೆ. ಮಿಲ್ಲಿನಿಂದ ಬಂದ ಅಕ್ಕಿಯನ್ನು ಉಪ್ಪು ಹಾಕದೆ ಒಣಗಿಸಿ ಇಡಬೇಕು. ಉಪ್ಪುನೀರು ಹಿಡಿಸಿಟ್ಟರೆ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಅಂಥ ಅಕ್ಕಿ ಬಿಸಿ ಮರಳಿಗೆ ಬಿದ್ದಾಗ ಸರಿಯಾಗಿ ಅರಳದೆ ಗಟ್ಟಿ ಕಾಳು ಉಳಿಯುತ್ತದೆ. ಅತಿಯಾಗಿ ಒಣಗಿದರೂ ಅರಳುವುದಿಲ್ಲ, ಏಕೆಂದರೆ ಕಾಳನ್ನು ಉಬ್ಬಿಸುವುದು ಒಳಗಿನ ನೀರಿನ ಆವಿಯೇ. ಆದ್ದರಿಂದ ನಾಳೆ ಬೇಕಾದಷ್ಟಕ್ಕೆ ಮಾತ್ರ ಇಂದು ಉಪ್ಪು ಹಿಡಿಸಿ ಆರಿಸುತ್ತೇವೆ. ಚೀಲದ ಮೇಲೆ ಸೀಮೆಸುಣ್ಣದಲ್ಲಿ ತಾರೀಕು ಬರೆದು ಹಳೆಯದನ್ನೇ ಮೊದಲು ತೆಗೆಯಬೇಕು, ಇಲ್ಲದಿದ್ದರೆ ಮೂಲೆಯ ಚೀಲಕ್ಕೆ ಹುಳು ಬೀಳುತ್ತದೆ.

ಎಷ್ಟು ಅಕ್ಕಿ ಇಡಬೇಕು? ದಿನಕ್ಕೆ ಸರಾಸರಿ 12 ಚೀಲ ಮಂಡಕ್ಕಿ ಹೋಗುತ್ತದೆ, ಜೋರಿನ ದಿನ 16 ಅಂತಿಟ್ಟುಕೊಳ್ಳಿ. ಭತ್ತ ನೆನೆಸಿ ಹುರಿಯುವವರೆಗಿನ ಮಾಮೂಲು ನಾಲ್ಕು ದಿನಕ್ಕೆ 12×4, ಅಂದರೆ 48 ಚೀಲ. ಮೋಡ ಹಿಡಿದ ಕೆಟ್ಟ ಕಾಲದ ಆರು ದಿನಕ್ಕೆ 16×6, ಅಂದರೆ 96. ಇವೆರಡರ ನಡುವಿನ 48 ಚೀಲವೇ ಆಪತ್ಕಾಲದ ದಾಸ್ತಾನು. ಕೈಯಲ್ಲಿರುವ ಅಕ್ಕಿ 96 ಚೀಲ ಮಂಡಕ್ಕಿಗೆ ಸಾಲುವಷ್ಟಕ್ಕೆ ಇಳಿದ ದಿನವೇ ಹೊಸ ಭತ್ತ ನೆನೆಹಾಕಬೇಕು. ಒಂದು ಚೀಲ ಮಂಡಕ್ಕಿಗೆ 9 ಕೆಜಿ ಅಕ್ಕಿ ಬೇಕೆಂದು ಹಿಡಿದರೆ ಅದು 864 ಕೆಜಿ. ಆ 9 ಎನ್ನುವುದನ್ನು ಮಾತ್ರ ಇನ್ನೊಬ್ಬರನ್ನು ಕೇಳಿ ಬರೆದುಕೊಳ್ಳಬೇಡಿ. ನಿಮ್ಮ ಭಟ್ಟಿಯಲ್ಲೇ ಹತ್ತು ಸಲ ತೂಗಿ ಸರಾಸರಿ ತೆಗೆಯಿರಿ. ಸೀದದ್ದು, ಅರಳದೆ ಉಳಿದದ್ದು ಎಲ್ಲ ಅದರಲ್ಲೇ ಸೇರಿರುತ್ತದೆ.

ಇನ್ನು ಆರ್ಡರ್ ಬರೆದುಕೊಳ್ಳುವ ವಿಚಾರ. ಗೆರೆ ಹಾಕಿದ ಪುಸ್ತಕ ಅಗ್ಗ, ಎಲ್ಲರಿಗೂ ಬರುತ್ತದೆ, ಆದರೆ ಹಿಂದಿನ ನಾಲ್ಕು ಶನಿವಾರ ಎಷ್ಟು ಹೋಯಿತೆಂದು ಹುಡುಕಲು ಹಾಳೆ ತಿರುವುತ್ತಲೇ ಇರಬೇಕು. ವಾಟ್ಸಾಪ್ ವೇಗವಾದದ್ದು, ಆದರೆ ಅಪಾಯವೂ ಅದರಲ್ಲೇ ಹೆಚ್ಚು. ‘ನಾಳೆ ಹತ್ತು ಕಳಿಸಿ’ ಎಂಬ ಧ್ವನಿ ಸಂದೇಶದಲ್ಲಿ ಹತ್ತು ದೊಡ್ಡ ಚೀಲವೋ ಸಣ್ಣದೋ ತಿಳಿಯುವುದಿಲ್ಲ. ಅದೇ ಅಂಗಡಿಯವರು ಫೋನನ್ನೂ ಮಾಡಿದರೆ ಒಂದು ಆರ್ಡರ್ ಎರಡಾಗಿ ಕೂತುಬಿಡುತ್ತದೆ. ಸಂಜೆ ಆರಕ್ಕೆ ಆರ್ಡರ್ ನಿಲ್ಲಿಸಿ, ಒಬ್ಬರೇ ಎಕ್ಸೆಲ್‌ಗೆ ಏರಿಸುವುದು ನಾವು ಕಂಡ ಒಳ್ಳೆಯ ಕ್ರಮ.

ಎಕ್ಸೆಲ್‌ನಲ್ಲಿ ಎರಡು ಕಡೆ ಎಡವುತ್ತಾರೆ. ಕಳೆದ ಏಳು ದಿನದ ಸರಾಸರಿ ಹಿಡಿದರೆ ಸಂತೆಯ ಏರಿಳಿತ ಅಳಿಸಿಹೋಗುತ್ತದೆ. ಅದರ ಬದಲು ಹಿಂದಿನ ನಾಲ್ಕು ವಾರಗಳ ಅದೇ ದಿನದ ಸರಾಸರಿ ಹಿಡಿಯಿರಿ: ಶನಿವಾರಗಳು 22, 18, 20, 20 ಆಗಿದ್ದರೆ ಮುಂದಿನ ಶನಿವಾರಕ್ಕೆ 20. ಜಾತ್ರೆಯ ಆರ್ಡರನ್ನು ಬೇರೆ ಕಾಲಮ್ಮಿಗೆ ಹಾಕಬೇಕು, ಸೇರಿಸಿದರೆ ಜಾತ್ರೆ ಮುಗಿದ ಮೇಲೂ ಹಾಳೆ ಜಾಸ್ತಿ ಹುರಿಯಲು ಹೇಳುತ್ತಲೇ ಇರುತ್ತದೆ.

ಎರಡನೆಯದು ಹಬ್ಬದ ತಾರೀಕು. ದೀಪಾವಳಿ 2025ರಲ್ಲಿ ಅಕ್ಟೋಬರ್ 20ರ ಸುಮಾರಿಗೆ ಬಂದಿತ್ತು. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ನವೆಂಬರ್ 8ರ ಸುಮಾರಿಗೆ ಬರುತ್ತದೆ. ಹಿಂದಿನ ವರ್ಷದ ಅದೇ ತಾರೀಕು ನೋಡಿ ಭತ್ತ ನೆನೆಹಾಕಿದರೆ ಸುಮಾರು ಮೂರು ವಾರ ಮೊದಲೇ ಮಾಲು ಸಿದ್ಧವಾಗಿ ಕೂರುತ್ತದೆ. ಹಾಳೆಯಲ್ಲಿ ತಾರೀಕಿನ ಪಕ್ಕ ಮಾಸ, ತಿಥಿಗೆ ಒಂದು ಕಾಲಮ್ ಮಾಡಿ, ಯುಗಾದಿಗೆ ಹೊಸ ಪಂಚಾಂಗ ಬಂದ ಕೂಡಲೇ ವರ್ಷದ್ದೆಲ್ಲ ತುಂಬಿಬಿಡಿ.

ಹುರಿಯುವ ಯಂತ್ರ (ರೋಸ್ಟರ್) ಕೊಳ್ಳುವ ಯೋಚನೆಯಿದ್ದರೆ ಈ ಲೆಕ್ಕ ಕೂತ ಮೇಲೆ ಮಾಡಿ. ಅದಕ್ಕೆ ಒಂದೇ ಗಾತ್ರದ, ಒಂದೇ ತೇವದ ಅಕ್ಕಿ ಬೇಕು, ಬಿಸಿಯೇರಿದ ಮೇಲೆ ತಡೆಯಿಲ್ಲದೆ ಓಡಬೇಕು. ಐದು ಚೀಲಕ್ಕೊಮ್ಮೆ ನಿಲ್ಲಿಸಿ ಮತ್ತೆ ಕಾಯಿಸುತ್ತಿದ್ದರೆ ಉರುವಲಿನ ಉಳಿತಾಯವೆಲ್ಲ ಅಲ್ಲೇ ಸುಟ್ಟುಹೋಗುತ್ತದೆ.