ಉಡುಗೊರೆ ಸುತ್ತಲು ನ್ಯೂಸ್‌ಪೇಪರೋ, ಕ್ಯಾಲೆಂಡರೋ, ಬಟ್ಟೆಯೋ?

ಮಿರಮಿರ ಮಿಂಚುವ ಗಿಫ್ಟ್ ಪೇಪರ್ ಬೇಡ, ಮನೆಯಲ್ಲಿರುವುದರಲ್ಲೇ ಸುತ್ತೋಣ ಅಂದರೆ ಎಲ್ಲರೂ ಮೊದಲು ಹೇಳುವುದು ಹಳೆ ನ್ಯೂಸ್‌ಪೇಪರ್. ನನ್ನ ಪ್ರಕಾರ ಅದನ್ನು ಹೊಗಳಿದ್ದು ಸ್ವಲ್ಪ ಜಾಸ್ತಿಯೇ ಆಯಿತು. ದಪ್ಪನೆಯ ಪುಸ್ತಕ, ಡಬ್ಬಿ ಇಲ್ಲದ ಮಗ್, ಒಂದು ಬಾಟಲಿ. ಇವನ್ನೇ ಬೇರೆ ಬೇರೆ ಸಾಮಾನಿನಲ್ಲಿ ಸುತ್ತಿ ನೋಡಿದೆ. ಸುತ್ತಿದ ಕೂಡಲೇ ಎಲ್ಲವೂ ಚೆಂದವೇ. ಬ್ಯಾಗಿಗೆ ತುರುಕಿಕೊಂಡು ಹೋಗಿ ಹೊರಗೆ ತೆಗೆದಾಗಲೇ ಯಾವುದರ ಬಂಡವಾಳ ಏನು ಅಂತ ಗೊತ್ತಾಗುವುದು.

ನ್ಯೂಸ್‌ಪೇಪರ್ ತುಂಬಾ ತೆಳು. ಚದರ ಮೀಟರಿಗೆ ಸುಮಾರು 45ರಿಂದ 50 ಗ್ರಾಂ ಅಷ್ಟೇ ತೂಗುತ್ತದೆ. ಹಾಗಾಗಿ ಪುಸ್ತಕದ ಮೂಲೆ ಮೊದಲು ಹರಿದು ಹೊರಗೆ ಇಣುಕುತ್ತದೆ. ಎರಡು ಪದರ ಹಾಕಿದರೆ ತಡೆದುಕೊಳ್ಳುತ್ತದೆ. ಆದರೆ ಮಸಿಯ ಕಾಟ ತಪ್ಪುವುದಿಲ್ಲ. ಆ ಮಸಿ ಗಟ್ಟಿಯಾಗಿ ಒಣಗಿರುವುದಿಲ್ಲ, ಕಾಗದ ಅದನ್ನು ಹೀರಿಕೊಂಡಿರುತ್ತದೆ, ಅಷ್ಟೇ. ಉಜ್ಜಿದರೆ ಬೆರಳಿಗೂ ಅಂಟುತ್ತದೆ, ಬಿಳಿ ಮಗ್ಗಿಗೂ ಅಂಟುತ್ತದೆ. ಇನ್ನು ಯಾವ ಪುಟ ಮೇಲೆ ಬರುತ್ತದೆ ಅನ್ನುವುದನ್ನೂ ನೋಡಿಕೊಳ್ಳಬೇಕು. ಹುಟ್ಟುಹಬ್ಬದ ಉಡುಗೊರೆಯ ಮೇಲೆ ಅಪಘಾತದ ಸುದ್ದಿ ಚೆನ್ನಾಗಿರುವುದಿಲ್ಲ, ಅಲ್ವಾ? ಪದಬಂಧದ ಪುಟವಾದರೆ ಪರವಾಗಿಲ್ಲ.

ಗೋಡೆ ಕ್ಯಾಲೆಂಡರಿನ ಹಾಳೆ ಇದಕ್ಕಿಂತ ಎಷ್ಟೋ ವಾಸಿ. ದಪ್ಪ, ಅಗಲ, ಮೇಲೆ ಚಿತ್ರ. ಪುಸ್ತಕಕ್ಕೆ ಇದನ್ನು ಮೀರಿಸುವುದು ನನಗೆ ಸಿಕ್ಕಿಲ್ಲ. ಒಂದೇ ತಕರಾರು ಅಂದರೆ ಮಡಿಚಿದ ಕಡೆ ನುಣುಪು ಲೇಪ ಬಿರುಕು ಬಿಟ್ಟು ಬಿಳಿ ಗೆರೆ ಏಳುತ್ತದೆ. ಮಸಿ ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲ್ ಹಿಡಿದು ಮೊದಲು ಗೀರಿ, ಆಮೇಲೆ ಮಡಿಚಿದರೆ ಅಂಚು ನೀಟಾಗಿ ಕೂರುತ್ತದೆ. ಆದರೆ ಮಗ್ ಸುತ್ತಲು ಹೋಗಬೇಡಿ. ದಪ್ಪ ಕಾಗದ ದುಂಡಗಿನ ವಸ್ತುವಿಗೆ ಬಗ್ಗುವುದಿಲ್ಲ, ಹಿಡಿಯ ಹತ್ತಿರವಂತೂ ಗುಡ್ಡೆಯಾಗಿ ನಿಲ್ಲುತ್ತದೆ.

ಪಾರ್ಸೆಲ್ ಒಳಗೆ ತುಂಬಿ ಬರುವ ಕಂದು ಕಾಗದ ಇವೆರಡರ ನಡುವಿನದು. ಗಟ್ಟಿ, ಆದರೂ ಬಗ್ಗುತ್ತದೆ. ಸುಕ್ಕು ತೆಗೆಯಲು ಮೇಲೆ ತೆಳು ಬಟ್ಟೆ ಹಾಸಿ, ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿದೆ. ಪೂರ್ತಿ ಹೋಗಲಿಲ್ಲ, ಆದರೆ ಬೇಕೆಂದೇ ಹಾಗೆ ಮಾಡಿದ ಹಾಗೆ ಕಾಣುತ್ತದೆ. ಪೆನ್ನು, ಬಣ್ಣ ಎರಡೂ ಹಿಡಿಯುವುದರಿಂದ ಮಕ್ಕಳ ಕೈಗೆ ಕೊಟ್ಟರೆ ಅಲಂಕಾರದ ಚಿಂತೆಯೇ ಇಲ್ಲ.

ಬಟ್ಟೆಯ ವಿಷಯಕ್ಕೆ ಬಂದರೆ ಲೆಕ್ಕವೇ ಬೇರೆ. ಜಪಾನಿನಲ್ಲಿ ಫುರೋಶಿಕಿ ಅಂತ ಚೌಕ ಬಟ್ಟೆಯಲ್ಲಿ ಸಾಮಾನು ಕಟ್ಟುವ ಪದ್ಧತಿ ಹಳೆಯದು. ಅಲ್ಲಿಂದ ನಾನು ತೆಗೆದುಕೊಂಡದ್ದು ಒಂದು ಅಳತೆ: ಬಟ್ಟೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಇರುವ ಉದ್ದ, ವಸ್ತುವಿನ ಉದ್ದದ ಸುಮಾರು 3 ಪಟ್ಟು ಇರಬೇಕು. 70 ಸೆಂ.ಮೀ. ಚೌಕವಾದರೆ ಮೂಲೆಯಿಂದ ಮೂಲೆಗೆ 99 ಸೆಂ.ಮೀ. ಬರುತ್ತದೆ. 30 ಸೆಂ.ಮೀ. ಒಳಗಿನ ವಸ್ತುವಿಗೆ ಅದು ಧಾರಾಳ. ಗಂಟು ಹಾಕುವಾಗ ಮೊದಲು ಬಲದ ತುದಿ ಎಡದ ಮೇಲೆ, ಆಮೇಲೆ ಎಡದ್ದು ಬಲದ ಮೇಲೆ. ಎರಡು ಸಲವೂ ಒಂದೇ ಕಡೆಯಿಂದ ಹಾಕಿದರೆ ಗಂಟು ಓರೆಯಾಗಿ ಕೂತು ಜಾರುತ್ತದೆ. ಸರಿಯಾಗಿ ಹಾಕಿದ್ದನ್ನು ಬಿಚ್ಚುವುದೂ ಸುಲಭ. ಒಂದು ತುದಿಯನ್ನು ಹಿಂದಕ್ಕೆ ಜಗ್ಗಿದರೆ ಸಾಕು, ಗಂಟು ಸಡಿಲವಾಗುತ್ತದೆ.

ಮಗ್, ಬಾಟಲಿ ಎರಡರಲ್ಲೂ ಬಟ್ಟೆಯೇ ಗೆದ್ದಿತು. ಟೇಪ್ ಬೇಡ, ಕತ್ತರಿ ಬೇಡ, ತಪ್ಪಾದರೆ ಬಿಚ್ಚಿ ಮತ್ತೆ ಕಟ್ಟಬಹುದು. ಹಳೆ ಬೆಡ್‌ಶೀಟಿನ ಸವೆಯದ ಭಾಗ ಚೆನ್ನಾಗಿ ಒದಗಿತು. ನಯವಾದ ಸಿಂಥೆಟಿಕ್ ದುಪಟ್ಟಾ ನೋಡಲು ಚೆಂದ, ಆದರೆ ಗಂಟು ನಿಲ್ಲುವುದಿಲ್ಲ. ಪುಸ್ತಕಕ್ಕೆ ಮಾತ್ರ ಬಟ್ಟೆ ಅಷ್ಟಾಗಿ ಒಪ್ಪಲಿಲ್ಲ, ಗಂಟು ಉಬ್ಬಿಕೊಂಡು ಮೇಲೆ ಇನ್ನೊಂದು ಇಡಲು ಬರುವುದಿಲ್ಲ. ಹಾಗಂತ ಇದಕ್ಕೆಂದೇ ಹೊಸ ಬಟ್ಟೆ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಹತ್ತಿ ಬೆಳೆಯಲು, ಬಣ್ಣ ಹಾಕಲು ಎಷ್ಟು ನೀರು ಬೇಕು! ಒಂದು ಸಲ ಸುತ್ತಿ ಮೂಲೆಗೆ ಎಸೆಯುವುದಾದರೆ ಕಾಗದವೇ ಮೇಲು.

ಚಿಪ್ಸ್ ಪ್ಯಾಕೆಟ್ ತೊಳೆದು, ಬೆಳ್ಳಿ ಬಣ್ಣದ ಒಳಭಾಗ ಹೊರಗೆ ಮಾಡಿ ಸುತ್ತುವ ಉಪಾಯವೂ ಇದೆ. ಸುಮ್ನೆ ಬಿಟ್ಟುಬಿಡಿ. ಮಡಿಕೆ ನಿಲ್ಲುವುದಿಲ್ಲ, ಸೋಪಿನಲ್ಲಿ ತೊಳೆದರೂ ಎಣ್ಣೆ ವಾಸನೆ ಪೂರ್ತಿ ಹೋಗುವುದಿಲ್ಲ.

ಮಡಿಕೆ ನಿಲ್ಲದಿರುವುದು ಬೇರೆ ಕಡೆಯೂ ಗುರುತಿಗೆ ಬರುತ್ತದೆ. ಮನೆಯಲ್ಲಿ ಹಳೆ ಗಿಫ್ಟ್ ಪೇಪರ್ ಇದ್ದರೆ ಕೈಯಲ್ಲಿ ಮುದುಡಿ ನೋಡಿ. ಮುದುಡಿದ ಹಾಗೇ ಉಳಿದರೆ ಅದು ಬಹುತೇಕ ಬರೀ ಕಾಗದ. ಪುಟಿದು ಬಿಚ್ಚಿಕೊಂಡರೆ ಪ್ಲಾಸ್ಟಿಕ್ ಪದರ ಇದೆ, ಕಾಗದದ ರದ್ದಿ ಜೊತೆ ಹೋಗುವಂಥದ್ದಲ್ಲ. ಗ್ಲಿಟರ್ ಉದುರುವುದಿದ್ದರೆ ಅದೂ ಬೇಡ, ಅದು ಸಾಮಾನ್ಯವಾಗಿ ಪುಡಿ ಪ್ಲಾಸ್ಟಿಕ್ಕೇ. ಇವನ್ನು ಬಿಸಾಡುವ ಬದಲು ಹುಷಾರಾಗಿ ಬಿಚ್ಚಿಟ್ಟು ಇನ್ನೊಮ್ಮೆ ಬಳಸಬಹುದು.

ಟೇಪ್ ಬದಲು ಹತ್ತಿ ದಾರ ಸಾಕು. ಕಂದು ಕಾಗದಕ್ಕೆ ಉದ್ದಕ್ಕೊಂದು, ಅಡ್ಡಕ್ಕೊಂದು ಸುತ್ತು ಬಿಗಿದರೆ ಬ್ಯಾಗಿನಲ್ಲಿ ಎಷ್ಟು ಕುಲುಕಿದರೂ ಬಿಚ್ಚಲಿಲ್ಲ. ನುಣುಪು ಕ್ಯಾಲೆಂಡರ್ ಹಾಳೆಯ ಮೇಲೆ ಮಾತ್ರ ದಾರ ಜಾರುತ್ತದೆ, ಅಲ್ಲಿ ಹಿಂಬದಿಗೆ ಒಂದು ತೊಟ್ಟು ಅಂಟು ಬೇಕೇ ಬೇಕು.