ತಿಲಕವಾಡಿಯ ಇಟಾಲಿಯನ್ ಕ್ಲಾಸು: ಧೈರ್ಯವಾಗಿ ಸೇರಿ, ಆದರೆ ಬೆಳಗಿನ ಬ್ಯಾಚಿಗೆ

ಬೆಳಗಾವಿಯ ತಿಲಕವಾಡಿಯಲ್ಲಿ ಮೇಡಂ ಒಬ್ಬರು ಮನೆಯಲ್ಲೇ ನಡೆಸುವ ಕ್ಲಾಸಿದು. ವ್ಯಾಕರಣದ ಪಟ್ಟಿ ಉರು ಹೊಡೆಸುವುದಿಲ್ಲ. ಒಬ್ಬರು ತಲೆನೋವು ಅಂತಾರೆ, ಇನ್ನೊಬ್ಬರು ಸಲಹೆ ಕೊಡಬೇಕು, ಅಷ್ಟೇ. ಗೆಳೆಯನಿಗೆ 'ದೊವ್ರೆಸ್ತಿ ರಿಪೊಸಾರೆ', ಅಂದರೆ ನೀನು ವಿಶ್ರಾಂತಿ ತಗೋಬೇಕು, ಹಿರಿಯರಿಗಾದರೆ 'ದೊವ್ರೆಬ್ಬೆ'. ನೀನು-ನೀವು ಗೊತ್ತಿರುವ ನಮಗೆ ಇದು ಸಲೀಸು, ಅಲ್ವಾ? ಜಾಸ್ತಿ ಎಡವಿಸುವುದು 'ಬೇಡ' ಅನ್ನುವಾಗ: 'ಪಾರ್ಲಾ' ಅಂದರೆ ಮಾತಾಡು, ಆದರೆ ಮಾತಾಡಬೇಡ ಅನ್ನಲು 'ನೋನ್ ಪಾರ್ಲಾರೆ', ಕ್ರಿಯಾಪದ ಮೂಲರೂಪಕ್ಕೇ ಹೋಗಿಬಿಡುತ್ತದೆ, ಅದೂ ನೀನು ಅನ್ನುವವರಿಗೆ ಮಾತ್ರ. ಎಷ್ಟು ಸಲ ಕೇಳಿದರೂ ಮೇಡಂ ಬೇಸರಿಸುವುದಿಲ್ಲ. ಫೀ ತುಸು ಜಾಸ್ತಿಯೇ. ಸಂಜೆ ಬ್ಯಾಚಿನಲ್ಲಿ ಜನ ತುಂಬಿ ಮಾತಾಡಲು ಸರದಿಯೇ ಸಿಗುವುದಿಲ್ಲ. ಇಟಲಿಯ ಸಿಯೆನಾದಲ್ಲಿರುವ ವಿದೇಶಿಯರ ವಿಶ್ವವಿದ್ಯಾಲಯ ನಡೆಸುವ ಚಿಲ್ಸ್ ಅನ್ನುವ ಇಟಾಲಿಯನ್ ಭಾಷಾ ಪರೀಕ್ಷೆ ಬರೆಯುವವರು ಬರವಣಿಗೆಯನ್ನು ಬೇರೆ ಕಡೆ ಕಲಿಯಿರಿ, ಇಲ್ಲಿ ಅದು ಸುಮ್ನೆ ಹೆಸರಿಗಷ್ಟೇ.